ಹಸಿರು ಚೀಟಿಯ ಎಣ್ಣೆ

ಮನುಷ್ಯರ ಘನತೆಯ ಬಗ್ಗೆ ನಾನು ಕೇಳಿದ ಅತಿ ಉದ್ದದ ಭಾಷಣ ನಡೆದದ್ದು ಶಿರಸಿಯ ಒಂದು ಹೋಟೆಲಿನ ಎಸಿ ಹಾಲ್‌ನಲ್ಲಿ, ಗೋಡಂಬಿ ಬರ್ಫಿಯ ತಟ್ಟೆಯ ಎದುರು. ಭಾಷಣ ಮಾಡಿದವರು ನಮ್ಮ ಮುಖ್ಯ ಸಂಶೋಧಕರು. ದೊಡ್ಡ ಊರಿನ ಒಂದು ಸಂಸ್ಥೆಯಿಂದ ಬಂದಿದ್ದರು. 'ನಮ್ಮ ಅಧ್ಯಯನದಲ್ಲಿ ಭಾಗವಹಿಸುವವರು ನಮ್ಮ ಸಹಸಂಶೋಧಕರು' ಎಂದು ಅವರು ಕೈ ಎದೆಯ ಮೇಲಿಟ್ಟು ಹೇಳಿದಾಗ, ಪಕ್ಕದಲ್ಲಿ ಕುಳಿತಿದ್ದ ಯಲ್ಲಾಪುರದ ಮೇಲ್ವಿಚಾರಕ ಎರಡನೆಯ ಬರ್ಫಿಗೆ ಕೈ ಹಾಕಿದ. ನಾನು ಸಿದ್ದಾಪುರ ತಾಲೂಕಿನ ಮೇಲ್ವಿಚಾರಕಿ. ಆ ಮಾತನ್ನು ನಂಬಿ ಬರೆದುಕೊಂಡೆ ಬೇರೆ.

ಅಧ್ಯಯನ ಮಂಗನ ಕಾಯಿಲೆಯದ್ದು. ನಮ್ಮ ಕಡೆಯ ಮಕ್ಕಳಿಗೂ ಗೊತ್ತು, ಈ ಜ್ವರ ಹರಡುವುದು ಉಣುಗಿನಿಂದ. ಕಾಡಿನಲ್ಲಿ ಮಂಗ ಸತ್ತರೆ ಅದರ ಮೈಮೇಲಿನ ಉಣುಗು ಕೆಳಗಿಳಿದು ಅಲ್ಲಿ ಓಡಾಡುವವರನ್ನು ಹಿಡಿಯುತ್ತದೆ. ಚಳಿಗಾಲದಿಂದ ಮಳೆ ಬರುವವರೆಗೆ ಹೆದರಿಕೆಯ ದಿನಗಳು. ಸೊಪ್ಪಿನ ಬೆಟ್ಟದಲ್ಲಿ ದರಕು ಗುಡಿಸುವುದೂ, ಅಂದರೆ ಕೊಟ್ಟಿಗೆಗೆ ಹಾಸಲು ಒಣಗಿದ ಎಲೆ ಒಟ್ಟು ಮಾಡುವುದೂ, ಅದೇ ದಿನಗಳಲ್ಲಿ. ಅದಕ್ಕೆಂದೇ ಸರ್ಕಾರಿ ಆಸ್ಪತ್ರೆಯವರು ಮೈಗೆ ಹಚ್ಚಿಕೊಳ್ಳಲು ಒಂದು ಎಣ್ಣೆ ಪುಕ್ಕಟೆ ಕೊಡುತ್ತಾರೆ. ವಾಸನೆ, ಅಂಟು, ಆದರೆ ಉಣುಗನ್ನು ದೂರ ಇಡುತ್ತದೆ.

ನಮ್ಮ ಸಂಸ್ಥೆ ಹೊಸದೊಂದು ಎಣ್ಣೆ ಮಾಡಿತ್ತು. ಅದು ಆಸ್ಪತ್ರೆಯ ಎಣ್ಣೆಯಷ್ಟು ಒಳ್ಳೆಯದೋ ಅಲ್ಲವೋ ಎಂದು ಹೋಲಿಸುವುದೇ ಕೆಲಸ. ಅರ್ಧ ಮನೆಗಳಿಗೆ ಹೊಸ ಎಣ್ಣೆ, ಅರ್ಧ ಮನೆಗಳಿಗೆ ಆಸ್ಪತ್ರೆಯ ಎಣ್ಣೆ. ಎರಡಕ್ಕೂ ಒಂದೇ ಬಗೆಯ ಬಾಟಲಿ, ಒಂದೇ ವಾಸನೆ ಬರಲೆಂದು ಎರಡಕ್ಕೂ ಮಜ್ಜಿಗೆ ಹುಲ್ಲಿನ ಪರಿಮಳ. ಒಂದರ ಮೇಲೆ ಹಳದಿ ಚೀಟಿ, ಇನ್ನೊಂದರ ಮೇಲೆ ಹಸಿರು. ಯಾವ ಬಣ್ಣದ್ದು ಯಾವುದು ಎನ್ನುವುದು ಮುಖ್ಯಸ್ಥರಿಗೆ, ಅಂದರೆ ಆ ಭಾಷಣ ಮಾಡಿದವರಿಗೆ, ಮಾತ್ರ ಗೊತ್ತು. ಹಚ್ಚಿಕೊಳ್ಳುವವರಿಗೂ ಗೊತ್ತಿರಬಾರದು, ಲೆಕ್ಕ ತೆಗೆಯುವ ನನಗೂ ಗೊತ್ತಿರಬಾರದು. ಇದರಲ್ಲಿ ತಪ್ಪಿಲ್ಲ, ಹೀಗೆ ಮಾಡಿದರೇ ಫಲಿತಾಂಶಕ್ಕೆ ಬೆಲೆ. ಸಂಸ್ಥೆಯ ನೈತಿಕ ಸಮಿತಿ ಒಪ್ಪಿದ್ದೂ ಇದನ್ನೇ. 'ಯಾವ ಬಾಟಲಿ ಬಂದರೂ ಉಣುಗಿನಿಂದ ರಕ್ಷಣೆ ಇದೆ, ಹಾಗಾಗಿ ಆಸ್ಪತ್ರೆಯ ಬಾಟಲಿಯನ್ನು ಸದ್ಯಕ್ಕೆ ಬದಿಗಿಡಿ' ಎಂದು ತ್ಯಾಗಲಿ ಕಡೆಯಿಂದ ಹೆಗ್ಗರಣೆ ಕಡೆಯವರೆಗೆ ಒಂದೊಂದು ಜಗಲಿಯಲ್ಲೂ ಕೂತು ನಾನೇ ಓದಿ ಹೇಳಿದೆ. ಜನ ಬದಿಗಿಟ್ಟರು.

ನನ್ನ ಕೆಲಸ ಬೇಸರದ್ದು, ಆದರೆ ಖಚಿತವಾದದ್ದು. ಹೆಂಗಸರು ದರಕಿನ ಹೊರೆ ಇಳಿಸುವ ಹೊತ್ತಿಗೆ ನಾನು ಅಲ್ಲಿರಬೇಕು. ಬಿಳಿ ಬಟ್ಟೆಯ ಮೇಲೆ ನಿಲ್ಲಿಸಿ ಸೀರೆಯ ನೆರಿಗೆ, ಹಿಮ್ಮಡಿ, ಮೊಣಕಾಲ ಹಿಂಭಾಗ, ಸೊಂಟ ನೋಡಬೇಕು. ಸಿಕ್ಕಿದ ಉಣುಗನ್ನು ಚಿಮುಟದಲ್ಲಿ ತಲೆಯ ಬುಡಕ್ಕೇ ಹಿಡಿದು ನೆಟ್ಟಗೆ ಎಳೆದು ಸ್ಪಿರಿಟ್ ಇರುವ ಕೊಳವೆಗೆ ಹಾಕಬೇಕು. ಎಳ್ಳಿಗಿಂತ ಸಣ್ಣ ಮರಿಗಳು ಕಚ್ಚಿದ್ದೂ ತಿಳಿಯುವುದಿಲ್ಲ. ಹೆಂಗಸರು ನಗುತ್ತ, ಒಬ್ಬರನ್ನೊಬ್ಬರು ಚುಡಾಯಿಸುತ್ತ ನಿಲ್ಲುತ್ತಿದ್ದರು.

ಎಡವಟ್ಟಾದದ್ದು ದನದಿಂದ.

ನಮ್ಮಲ್ಲಿ ಮನೆಗೆ ಹೊಸದು ಏನು ಬಂದರೂ ಅದರಲ್ಲಿ ಕೊಟ್ಟಿಗೆಗೊಂದು ಪಾಲಿದೆ. ಮೊದಲ ದೋಸೆ ದನಕ್ಕೆ, ಹಬ್ಬದ ಕಡುಬು ದನಕ್ಕೆ. ಉಣುಗಿನ ಎಣ್ಣೆ ಬಂದಾಗ ಅದು ಮೊದಲು ಯಾರಿಗೆ ಹೋಗುತ್ತದೆ ಎಂದು ಊಹಿಸಲು ವಿಜ್ಞಾನಿಯಾಗಬೇಕಿಲ್ಲ, ಆಗದಿದ್ದರೇ ಅನುಕೂಲ. 'ಮೈಗೆ ಹಚ್ಚಿಕೊಳ್ಳಿ' ಎಂದಿದ್ದೆವು. 'ದನಕ್ಕೆ ಹಚ್ಚಬೇಡಿ' ಎಂದು ಎಲ್ಲಿಯೂ ಬರೆದಿರಲಿಲ್ಲ. ಹೆಂಗಸರು ಬೆಳಿಗ್ಗೆ ದನವನ್ನು ಬೆಟ್ಟಕ್ಕೆ ಬಿಡುವ ಮುಂಚೆ ಅದರ ಕಿವಿ, ಗಂಗೆದೊಗಲು, ಕೆಚ್ಚಲ ಸಂದಿಗೆಲ್ಲ ತಿಕ್ಕಿ, ಅಂಗೈಯಲ್ಲಿ ಉಳಿದದ್ದನ್ನು ತಮ್ಮ ಕಾಲಿಗೆ ಸವರಿಕೊಳ್ಳುತ್ತಿದ್ದರು.

ಹೆಗ್ಗರಣೆಯ ಆಚೆ ಒಂದು ಕೇರಿ. ಅಲ್ಲಿ ಕೊನೆಯ ಮನೆಯಲ್ಲಿ ಒಬ್ಬಳು ಹೆಂಗಸು. ಗಂಡ, ಅತ್ತೆ, ಚೂರು ಗದ್ದೆ, ಕೆಂಪಿ ಎಂಬ ಗಿಡ್ಡ ತಳಿಯ ದನ. ದಿನವೂ ದರಕಿಗೆ ಹೋಗುವವಳು ಅವಳೇ. ಅವಳ ಮನೆಗೆ ಹಸಿರು ಚೀಟಿ, ಪಕ್ಕದ ಮೇಲ್ಮನೆಗೆ ಹಳದಿ ಚೀಟಿ. ಒಂದು ದಿನ ನಾನು ವ್ಯಾನಿನಿಂದ ಇಳಿಯುತ್ತಿದ್ದ ಹಾಗೆ ಅವಳು ಬಾಟಲಿಯನ್ನು ತಂದು ಬಾನೆಟ್ ಮೇಲೆ ಕುಕ್ಕಿದಳು.

"ಅಕ್ಕೋರೇ, ಮೇಲ್ಮನೆಯವ್ರಿಗೆ ಚಲೋದು, ನಮ್ಗೆ ಕಲಬೆರಕೆ. ಎಂತಕ್ಕೆ ಹಿಂಗೆ ಭೇದ ಮಾಡ್ತ್ರಿ?"

"ಎರಡೂ ಚಲೋದೇ. ಭೇದ ಅಂತ ಯಾರು ಹೇಳಿದ್ರು ನಿಂಗೆ?"

"ನಮ್ಮ ಕೆಂಪಿ ಹೇಳ್ತು."

ನಾನು ನಕ್ಕೆ. ಅವಳು ನಗಲಿಲ್ಲ. ಕೈ ಹಿಡಿದು ಕೊಟ್ಟಿಗೆಗೆ ಎಳೆದುಕೊಂಡು ಹೋದಳು. ಕೆಂಪಿಯ ಕಿವಿಯೊಳಗೆ ಉಣುಗುಗಳು ಔಡಲ ಬೀಜದ ಹಾಗೆ ಉಬ್ಬಿ ಕೂತಿದ್ದವು. ಮೇಲ್ಮನೆಯ ದನವನ್ನೂ ತೋರಿಸಿದಳು. ಒಂದೇ ಬೆಟ್ಟದಲ್ಲಿ ಮೇಯುವ ದನ. ಅದರ ಕಿವಿ ತೊಳೆದಿಟ್ಟ ಹಾಗಿತ್ತು. ಮೇಲ್ಮನೆಯ ಹೆಂಗಸು ಜಗಲಿಯ ಮೇಲಿಂದಲೇ, "ನಾ ದಿನಾ ಹಚ್ತೆ, ಅವ್ಳು ಸೋಮಾರಿ" ಎಂದಳು. ಇವಳು ಸೆರಗು ಸೊಂಟಕ್ಕೆ ಬಿಗಿದಳು. ಆಗ ಅವಳ ಸೊಂಟದ ಮೇಲೆ, ಉಣುಗು ಕಿತ್ತ ಕೆಂಪು ಗಾಯ ನನಗೆ ಕಂಡಿತು.

"ನೀನು ಹಚ್ಕೊಳ್ಳೋದಿಲ್ವ?"

"ಹಚ್ಕಳ್ತೆ. ಹಚ್ಕಂಡ ಮೇಲೇ ಕಚ್ಚಿದ್ದು."

ಮುಖ್ಯಸ್ಥರಿಗೆ ಫೋನ್ ಮಾಡಿದೆ. ಹಸಿರು ಚೀಟಿಯಲ್ಲಿ ಏನೋ ದೋಷವಿದೆ, ಎಣ್ಣೆ ಕೆಟ್ಟಿರಬಹುದು ಎಂದೆ. ದನಕ್ಕೆ ಹಚ್ಚುತ್ತಿರುವ ಸಂಗತಿಯನ್ನೂ ಹೇಳಿದೆ. ಮಹಾಶಯರಿಗೆ ಸಿಟ್ಟು ಬಂತು. ನನಗೆ ಸಮಾಧಾನವೇ ಆಯಿತು, ಸಿಟ್ಟು ಬರಬೇಕಾದದ್ದೇ.

"ದನ ನಮ್ಮ ಪ್ರೋಟೊಕಾಲ್‌ನಲ್ಲಿ ಇಲ್ಲವಲ್ಲ ಮೇಡಂ! ಪ್ರಾಣಿಗಳ ಮೇಲೆ ಪ್ರಯೋಗ ಅಂದರೆ ಬೇರೆ ಸಮಿತಿ, ಬೇರೆ ಅನುಮತಿ. ನಾಳೆ ಯಾರಾದರೂ ಕೇಳಿದರೆ? ಒಂದು ಮೂಕ ಪ್ರಾಣಿಯ ಮೇಲೆ ಪರೀಕ್ಷೆಯಾಗದ ವಸ್ತು ಹಚ್ಚುವುದು ಅನೈತಿಕ ಅಂತ ಆ ಹೆಂಗಸರಿಗೆ ತಿಳಿಸಿ ಹೇಳಿ."

ಮೂಕ ಪ್ರಾಣಿ! ಕೆಂಪಿ ಮಾತಾಡಿದ್ದೇ ಅವರ ತೊಂದರೆ ಎಂದು ನನಗೆ ಆಗ ಹೊಳೆಯಲಿಲ್ಲ. ಗಾಯದ ಬಗ್ಗೆ ಮತ್ತೊಮ್ಮೆ ಹೇಳಿದೆ. "ಅದನ್ನು ದಾಖಲಿಸಿ" ಎಂದು ಫೋನ್ ಇಟ್ಟರು.

ದಾಖಲಿಸುವ ಮೊದಲು ನಾನೇ ನೋಡಿಬಿಡೋಣ ಎನ್ನಿಸಿತು. ಪ್ಯಾಂಟನ್ನು ಬೂಟಿನೊಳಗೆ ತುರುಕಿ, ಮೇಲೆ ಟೇಪು ಸುತ್ತಿ, ಕೈಗವಸು ಹಾಕಿ, ಶಿರಸಿಯ ನಮ್ಮ ಮನೆಯ ಹತ್ತಿರದ ಕಾಡಂಚಿನಲ್ಲಿ ಬಿಳಿ ಫ್ಲಾನೆಲ್ ಬಟ್ಟೆಯನ್ನು ಒಣ ಎಲೆಯ ಮೇಲೆ ನಿಧಾನ ಎಳೆದೆ. ಹತ್ತಿದ ಉಣುಗಿನ ಮರಿಗಳನ್ನು ಹತ್ತಿಯ ಬಿರಡೆ ಹಾಕಿದ ಕೊಳವೆಗೆ ತುಂಬಿದೆ. ಕಚೇರಿಯೆಂದರೆ ನಮ್ಮ ಮನೆಯ ಹಿಂದಿನ ಶೆಡ್ಡು. ನನ್ನ ಅತ್ತೆ ದೂರದಿಂದಲೇ ಕೂಗಿದರು: "ಊರ ಉಣುಗೆಲ್ಲ ಮನೆಗೆ ತಂದ್ಯನೇ? ಆನಂತೂ ಆ ಬದಿಗೇ ಬತ್ನಿಲ್ಲೆ!" ಅವರು ಬಾರದಿದ್ದದ್ದೇ ಒಳ್ಳೆಯದಾಯಿತು.

ವಿಧಾನ ಸರಳ. ಉದ್ದ ಬಟ್ಟೆಪಟ್ಟಿಯ ಮಧ್ಯಕ್ಕೆ ಎಣ್ಣೆ ಸವರಿ, ಕೆಳತುದಿ ಎಣ್ಣೆಯಿಲ್ಲದೆ ಬಿಟ್ಟು, ಸಾಬೂನು ನೀರಿನ ತಟ್ಟೆಯ ಮೇಲೆ ನೇತುಹಾಕುವುದು. ಕೆಳತುದಿಗೆ ಉಣುಗು ಬಿಟ್ಟರೆ ಅದು ತನ್ನ ಸ್ವಭಾವದಂತೆ ಮೇಲೆ ಹತ್ತುತ್ತದೆ. ಎಣ್ಣೆ ಕೆಲಸ ಮಾಡುವಂಥದ್ದಾದರೆ ಗಡಿಯಲ್ಲಿ ತಡೆದು ತಿರುಗುತ್ತದೆ, ಇಲ್ಲವೇ ಬೀಳುತ್ತದೆ. ಒಂದು ಪಟ್ಟಿಗೆ ಏನೂ ಇಲ್ಲ, ಒಂದಕ್ಕೆ ಆಸ್ಪತ್ರೆಯಿಂದ ತಂದ ಎಣ್ಣೆ, ಒಂದಕ್ಕೆ ಹಳದಿ, ಒಂದಕ್ಕೆ ಹಸಿರು. ನನ್ನ ಕಣ್ಣು ನನಗೆ ಬೇಕಾದ್ದನ್ನೇ ಕಾಣಬಾರದೆಂದು ಎಣ್ಣೆ ಸವರಲು ವ್ಯಾನಿನ ಡ್ರೈವರ್‌ಗೆ ಹೇಳಿದೆ. ಶಿರಸಿಯ ಸಾಬರು, ಅಡಿಕೆ ಲಾರಿ ಬಿಟ್ಟು ನಮ್ಮ ವ್ಯಾನಿಗೆ ಬಂದವರು. ಅವರು ಗುರುತನ್ನು ತಮ್ಮಲ್ಲೇ ಇಟ್ಟುಕೊಂಡು ಪಟ್ಟಿಗಳನ್ನು ಅದಲುಬದಲು ಮಾಡಿ ತೂಗುಹಾಕಿದರು.

ಎರಡು ಪಟ್ಟಿಗಳ ಗಡಿಯಲ್ಲಿ ಉಣುಗು ತಿರುಗಿದವು, ಬಿದ್ದವು. ಎರಡು ಪಟ್ಟಿಗಳಲ್ಲಿ ತುದಿಯವರೆಗೆ ಹತ್ತಿ, ಮುಂದೆ ದಾರಿಯಿಲ್ಲದೆ ನಿಂತವು. ಹತ್ತಿದ ಎರಡರಲ್ಲಿ ಒಂದು ಬರಿಯ ಬಟ್ಟೆ. ಇನ್ನೊಂದು ಯಾವುದೆಂದು ಕೇಳಿದಾಗ ಡ್ರೈವರ್ ಚೀಟಿ ತೋರಿಸಿದರು: ಹಸಿರು. ಬಟ್ಟೆ ಬದಲಿಸಿ, ಬೇರೆ ಮನೆಗಳ ಬಾಟಲಿ ತಂದು, ಬೇರೆ ಉಣುಗು ಹಿಡಿದು ಮತ್ತೆ ಮತ್ತೆ ಮಾಡಿದೆ. ಹಸಿರು ಬದಲಾಗಲಿಲ್ಲ. ಎಣ್ಣೆ ಕೆಟ್ಟಿರಲಿಲ್ಲ. ಅದು ಪರಿಮಳ ಹಾಕಿದ ಬರಿಯ ಎಣ್ಣೆ.

"ಅರೇ ಮೇಡಂ, ಇದನ್ನ ಹಚ್ಚೋ ಬದ್ಲು ಒಗ್ಗರಣೆ ಹಾಕ್ಬೋದಿತ್ತಲ್ಲ" ಎಂದರು ಡ್ರೈವರ್.

ಮುಖ್ಯಸ್ಥರಿಗೆ ಮತ್ತೆ ಫೋನ್. ಈ ಸಲ ಅವರು ಸುಳ್ಳು ಹೇಳುವ ಶ್ರಮವನ್ನೂ ತೆಗೆದುಕೊಳ್ಳಲಿಲ್ಲ. ನನ್ನಂಥವಳಿಗೆ ಸುಳ್ಳು ಯಾಕೆ ದಂಡ ಮಾಡಬೇಕು! "ನೋಡಿ, ಆಸ್ಪತ್ರೆ ಎಣ್ಣೆಯ ಜೊತೆ ಹೋಲಿಸಿದರೆ ಎರಡೂ ಹೆಚ್ಚುಕಡಿಮೆ ಒಂದೇ ಬರುತ್ತದೆ. ಅಂಥ ಪ್ರಬಂಧವನ್ನು ಯಾರು ಅಚ್ಚು ಹಾಕುತ್ತಾರೆ? ವ್ಯತ್ಯಾಸ ಎದ್ದು ಕಾಣಬೇಕು, ಅದಕ್ಕೇ ಹಸಿರಿನಲ್ಲಿ ಆಸ್ಪತ್ರೆ ಎಣ್ಣೆಯ ಬದಲು ಬರಿಯ ಎಣ್ಣೆ. ದೊಡ್ಡ ಉದ್ದೇಶಕ್ಕೆ ಸಣ್ಣ ಹೊಂದಾಣಿಕೆ." ಆ ಸಣ್ಣ ಹೊಂದಾಣಿಕೆಗೆ ಸೊಂಟ ಇತ್ತು, ಸೊಂಟದ ಮೇಲೆ ಗಾಯ ಇತ್ತು. ದನ ಇರುವ ಮನೆಗಳನ್ನು ಅಧ್ಯಯನದಿಂದ ಕೈಬಿಟ್ಟು, ದನ ಇಲ್ಲದ ಮನೆಗಳನ್ನು ಸೇರಿಸಿಕೊಳ್ಳಿ ಎಂದು ಅಪ್ಪಣೆಯಾಯಿತು. ಅಂದರೆ ಸಾಕ್ಷಿ ಹೇಳುವ ಬಾಯಿ ಇಲ್ಲದ ಮನೆಗಳು.

ನೈತಿಕ ಸಮಿತಿಯ ಕಾರ್ಯದರ್ಶಿಗಳನ್ನು ಹಿಡಿಯಲು ಬಹಳ ಪ್ರಯತ್ನಪಟ್ಟೆ. ಸಿಕ್ಕರು. ಮೃದು ಮಾತಿನವರು. ಎಲ್ಲ ಕೇಳಿಸಿಕೊಂಡು, "ಯಾರಿಗಾದರೂ ಜ್ವರ ಬಂದಿದೆಯೇ?" ಎಂದರು. ಇನ್ನೂ ಇಲ್ಲ ಎಂದೆ. "ಹಾಗಾದರೆ ಗಾಬರಿ ಬೇಡ, ಮುಂದಿನ ಸಭೆಯಲ್ಲಿ ಇಡೋಣ." ಮುಂದಿನ ಸಭೆ ಮಳೆ ಹಿಡಿದ ಮೇಲೆ. ಉಣುಗುಗಳಿಗೂ ಆ ದಿನಾಂಕ ತಿಳಿಸುತ್ತಾರೋ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕುವುದಕ್ಕೂ ಇವರಿಗೆ ಕೋರಂ ಬೇಕು.

ಅದೇ ವಾರ ಆ ಕೇರಿಯ ಮೇಲಿನ ಬೆಟ್ಟದಲ್ಲಿ ಸತ್ತ ಮಂಗ ಸಿಕ್ಕಿತು. ಆಸ್ಪತ್ರೆಯವರು ಬಂದು ಸುತ್ತ ಔಷಧಿ ಹೊಡೆದು, ಆ ಬದಿಗೆ ಹೋಗಬೇಡಿ ಎಂದು ಸಾರಿದರು. ಮುಖ್ಯಸ್ಥರಿಗೆ ಯಾರು ತಿಳಿಸಿದರೋ, ತಾವಾಗಿಯೇ ಫೋನ್ ಮಾಡಿದರು. ದನಿಯಲ್ಲಿ ಉಲ್ಲಾಸ. "ಒಳ್ಳೆಯದಾಯಿತು ಮೇಡಂ. ಈಗ ಸೋಂಕಿನ ಎಕ್ಸ್‌ಪೋಷರ್ ಸರಿಯಾಗಿ ಸಿಗುತ್ತದೆ. ಹೆಂಗಸರು ಓಡಾಟ ಕಡಿಮೆ ಮಾಡದಂತೆ ನೋಡಿಕೊಳ್ಳಿ."

ನಾನು ಫೋನ್ ಇಟ್ಟೆ. ಅಲ್ಲಿಯವರೆಗೆ ನನ್ನ ತಲೆಯಲ್ಲಿ ಸಮಿತಿ, ನಿಯಮ, ನೌಕರಿ ಎಂದೆಲ್ಲ ತೂಗಾಟವಿತ್ತು. ಆ 'ಒಳ್ಳೆಯದಾಯಿತು' ಕೇಳಿದ ಮೇಲೆ ತೂಗುವುದಕ್ಕೆ ಏನೂ ಉಳಿಯಲಿಲ್ಲ. ಅಸಹ್ಯವಾಯಿತು. ಸಿದ್ದಾಪುರದ ಆರೋಗ್ಯ ಕಚೇರಿಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿ, ಆಸ್ಪತ್ರೆ ಎಣ್ಣೆಯ ಪೆಟ್ಟಿಗೆಗಳನ್ನು ವ್ಯಾನಿಗೆ ಹಾಕಿಸಿಕೊಂಡೆ. ಯಲ್ಲಾಪುರದ ಮೇಲ್ವಿಚಾರಕನಿಗೂ ತಿಳಿಸಿದೆ. "ಬರಹದಲ್ಲಿ ಆದೇಶ ಬಂದರೆ ನೋಡೋಣ" ಎಂದ. ಅವನ ಆದೇಶಕ್ಕೆ ಕಾಯದೆ ಅಲ್ಲಿನ ಆರೋಗ್ಯ ಸಿಬ್ಬಂದಿಯೇ ಮನೆಮನೆಗೆ ಹೋಗಿ ಎಣ್ಣೆ ಕೊಟ್ಟರು.

ಕೇರಿಯಲ್ಲಿ ದರಕಿನ ರಾಶಿಯ ಪಕ್ಕ ಹೆಂಗಸರನ್ನು ಕೂರಿಸಿ ಹೇಳಿದೆ. ಹಸಿರು ಬರಿಯ ಎಣ್ಣೆ. ನಿಮಗೆ ಹೇಳಿದ್ದು ಸುಳ್ಳು. ಅಧ್ಯಯನ ಇಲ್ಲಿಗೆ ನಿಂತಿತು, ಹಳದಿಯನ್ನೂ ವಾಪಸು ಕೊಡಿ. ಯಾರೂ ಕೂಗಾಡಲಿಲ್ಲ. ಮೇಲ್ಮನೆಯ ಹೆಂಗಸು ಪಕ್ಕದವಳ ಕಡೆ ನೋಡಿ ತಲೆ ತಗ್ಗಿಸಿದಳು. ಕೊನೆಯ ಮನೆಯವಳು ಕೇಳಿದಳು:

"ಕೆಂಪಿಗೆ ಹಚ್ಚದೇ ನಾ ಬರೇ ಮೈಗೇ ಹಚ್ಕಂಡಿದ್ರೆ, ಇದು ನಿಮ್ಗೂ ಗೊತ್ತಾಗ್ತಿರ್ಲಿಲ್ಲ ಅಲ್ದಾ?"

"ಗೊತ್ತಾಗ್ತಿರಲಿಲ್ಲ."

"ಹಂಗಾರೆ ನಾ ಸತ್ತಿದ್ರೆ ಗೊತ್ತಾಗ್ತಿತ್ತು."

ಬಾಟಲಿ ವಾಪಸು ಕೇಳಿದಾಗ ಅವಳು ಕೊಡಲಿಲ್ಲ. ಇರ್ಲಿ ಎಂದಳು.

ನಾಲ್ಕೈದು ದಿನ ಕಳೆಯುವುದರೊಳಗೆ ಅವಳಿಗೆ ಜ್ವರ ಬಂತು. ತಲೆ ಸಿಡಿತ, ಸೊಂಟ ನೋವು, ಕಣ್ಣು ಕೆಂಪು. ಎಲ್ಲ ಆ ಕಾಯಿಲೆಯ ಲಕ್ಷಣವೇ. ಆಸ್ಪತ್ರೆಗೆ ಸೇರಿಸಿ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶಕ್ಕೆ ಕಾಯುತ್ತ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಅವಳ ಗಂಡನ ಜೊತೆ ಕುಳಿತಿದ್ದೆ. ಅವನು ನನ್ನನ್ನು ಬೈಯಲಿಲ್ಲ; ಬೈದಿದ್ದರೆ ಹಗುರಾಗುತ್ತಿತ್ತು. ಆಗಲೇ ಮುಖ್ಯಸ್ಥರ ಫೋನ್. ಒಂದು ಜ್ವರದ ಸುದ್ದಿ ಕೇಳಿದರಂತೆ. ಹೆಂಗಸು ಹೇಗಿದ್ದಾಳೆ ಎಂದು ಕೇಳುತ್ತಾರೆಂದುಕೊಂಡೆ.

"ಯಾವ ಚೀಟಿ?" ಎಂದರು.

ರಕ್ತದಲ್ಲಿ ಮಂಗನ ಕಾಯಿಲೆ ಇರಲಿಲ್ಲ, ಬೇರೆ ಜ್ವರ. ಆ ಸುದ್ದಿಯನ್ನು ವೈದ್ಯರು ಹೇಳಿದಾಗ ಅವಳ ಗಂಡ ಗೋಡೆಗೆ ಹಣೆ ಒತ್ತಿ ನಿಂತ. ನಾನು ಹೊರಗೆ ಹೋಗಿ ಅತ್ತುಬಿಟ್ಟೆ. ಮುಖ್ಯಸ್ಥರಿಗೆ ತಿಳಿಸಿದಾಗ ಅವರ ಬಾಯಿಂದ ಸಣ್ಣ 'ಛೆ' ಬಂತು. ನನ್ನ ಕಿವಿ ಚೆನ್ನಾಗಿಯೇ ಇದೆ.

ಅವಳು ಚೇತರಿಸಿಕೊಂಡು ಮನೆಗೆ ಬಂದ ಮೇಲೆ ಮುಖ್ಯಸ್ಥರು ಸ್ವತಃ ಬಂದರು, ನಾನು ಕೆಡಿಸಿದ್ದನ್ನು ರಿಪೇರಿ ಮಾಡಲು. ಸಹಸಂಶೋಧಕರ ಕೇರಿಗೆ ಅವರ ಮೊದಲ ಭೇಟಿ. ಹೆಂಗಸರಿಗೆಲ್ಲ ಕೈ ಮುಗಿದು, 'ಸಂವಹನದ ಕೊರತೆ' ಎಂದರು, 'ಅತಿ ಉತ್ಸಾಹದ ಸಿಬ್ಬಂದಿ' ಎಂದು ನನ್ನ ಕಡೆ ನೋಡಿ ನಕ್ಕರು. ಎರಡೂ ಎಣ್ಣೆ ಸುರಕ್ಷಿತ, ಎರಡೂ ಪರಿಣಾಮಕಾರಿ, ಮತ್ತೆ ಶುರು ಮಾಡೋಣ ಎಂದರು. ಆಮೇಲೆ ಮಂಗ ಸತ್ತ ಜಾಗದ ಅಂಚಿನಲ್ಲಿ ನಿಂತು ಒಂದು ಫೋಟೋ ಬೇಕು ಎಂದರು.

ಕೊನೆಯ ಮನೆಯವಳು ಜಗಲಿಯಲ್ಲಿ ಕೂರಿಸಿ ಬೆಲ್ಲ, ನೀರು ಕೊಟ್ಟಳು. ಅವರು ಕುಡಿದು ಎದ್ದಾಗ, ಒಳಗಿನಿಂದ ಹಸಿರು ಚೀಟಿಯ ಬಾಟಲಿ ತಂದಳು. ಅವಳ ಮುಖದಲ್ಲಿ ವ್ಯಂಗ್ಯ ಇರಲಿಲ್ಲ. ಮನೆಗೆ ಬಂದವರು ಬರಿಗಾಲಲ್ಲಿ ಬೆಟ್ಟಕ್ಕೆ ಹೊರಟರೆ ಹೇಳುವ ರೀತಿಯಲ್ಲೇ ಹೇಳಿದಳು:

"ಹಂಗೇ ಹೋಗ್ಬೇಡಿ ಸಾರ್, ಉಣುಗು ಭಾಳ. ಕಾಲಿಗೆ ಹಚ್ಕಳಿ."

"ಬೇಡಮ್ಮಾ, ಬೇಡ. ನಾನು ಹಚ್ಚಿಕೊಂಡೇ ಬಂದಿದ್ದೇನೆ."

"ಎಂತ ಹಚ್ಕಂಡ್ರಿ? ಹಳದಿಯಾ, ಹಸಿರಾ?"

ಅವರು ಕಾರಿನ ಕಡೆ ತಿರುಗಿದರು. ನಮ್ಮ ವ್ಯಾನಿನ ಡ್ರೈವರ್ ಆ ಕಾರಿನ ಹತ್ತಿರ ನಿಂತಿದ್ದವರು ಒಳಗೆ ಇಣುಕಿ, ಸೀಟಿನ ಮೇಲೆ ಬಿದ್ದಿದ್ದ ಹೊರದೇಶದ ಸ್ಪ್ರೇ ಡಬ್ಬಿಯನ್ನು ಎತ್ತಿ ಹಿಡಿದರು: "ಇದು, ಅಕ್ಕಾ." ಜಗಲಿಯಲ್ಲಿದ್ದ ಹೆಂಗಸರೆಲ್ಲ ಆ ಡಬ್ಬಿಯನ್ನು ನೋಡಿದರು, ಆಮೇಲೆ ಮುಖ್ಯಸ್ಥರನ್ನು ನೋಡಿದರು. ಕೊನೆಯ ಮನೆಯವಳು ಬಾಟಲಿ ಹಿಡಿದ ಕೈಯನ್ನು ಹಾಗೆಯೇ ಚಾಚಿಕೊಂಡು ನಿಂತಿದ್ದಳು. ಫೋಟೋ ತೆಗೆಯದೆ ಕಾರು ಹೋಯಿತು.

ಮಳೆ ಹಿಡಿದ ಮೇಲೆ ಸಮಿತಿಯ ಸಭೆ ನಡೆಯಿತು. ಅಧ್ಯಯನ 'ಕ್ಷೇತ್ರದ ಅನಿವಾರ್ಯ ಕಾರಣಗಳಿಂದ' ನಿಂತಿತು ಎಂದು ಬರೆದುಕೊಂಡರಂತೆ. ಆ ಕ್ಷೇತ್ರದ ಅನಿವಾರ್ಯ ಕಾರಣವನ್ನು ನೌಕರಿಯಿಂದ ತೆಗೆದರು. ಮುಖ್ಯಸ್ಥರು ಈಗಲೂ ಅಲ್ಲೇ ಇದ್ದಾರೆ. ಸಂಶೋಧನೆಯ ನೈತಿಕತೆಯ ಬಗ್ಗೆ ಹೊಸಬರಿಗೆ ತರಬೇತಿ ಕೊಡುತ್ತಾರೆ ಎಂದು ಕೇಳಿದೆ. ಅನುಭವ ಇದ್ದವರೇ ಹೇಳಬೇಕಲ್ಲ.

ಮೊನ್ನೆ ಆ ಕಡೆ ಹೋದಾಗ ಕೊನೆಯ ಮನೆಗೆ ಹೋಗಿದ್ದೆ. ಅವಳು ದರಕಿನ ಹೊರೆ ಇಳಿಸಿ ಬಂದಿದ್ದಳು, ಕಾಲಿಗೆ ಆಸ್ಪತ್ರೆ ಎಣ್ಣೆಯ ವಾಸನೆ. ಹಸಿರು ಚೀಟಿಯ ಬಾಟಲಿ ಕೊಟ್ಟಿಗೆಯ ಬಾಗಿಲ ಪಕ್ಕ ಮೊಳೆಗೆ ನೇತಾಡುತ್ತಿತ್ತು, ತಳದಲ್ಲಿ ಸ್ವಲ್ಪ ಉಳಿದಿತ್ತು. ಇನ್ನೂ ಯಾಕೆ ಇಟ್ಟುಕೊಂಡಿದ್ದೀ ಎಂದೆ.

"ಬಾಗ್ಲ ತಿರುಗಣಿಗೆ ಬಿಡ್ತೆ ಅಕ್ಕೋರೇ. ಮೊದ್ಲು ಕಿರ್ ಅಂತಿತ್ತು, ಈಗ ಅಂತಿಲ್ಲ" ಎಂದು ಬಾಗಿಲನ್ನು ತೆರೆದು ಮುಚ್ಚಿ ತೋರಿಸಿದಳು. ನಿಜ, ಸದ್ದೇ ಇರಲಿಲ್ಲ. ಇಡೀ ಅಧ್ಯಯನದಲ್ಲಿ ಹಸಿರು ಚೀಟಿಯ ಎಣ್ಣೆಯಿಂದ ಯಾರಿಗಾದರೂ ಉಪಯೋಗವಾಗಿದ್ದರೆ ಅದು ಆ ಬಾಗಿಲಿಗೆ. ಅದನ್ನೂ ಸಮಿತಿಯ ಅನುಮತಿ ಕೇಳದೆ ಅವಳೇ ಕಂಡುಹಿಡಿದದ್ದು.